ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಚಳಿಗಾಲದ ಹಬ್ಬದ ಪದಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕಾರ್ತಿಕದಿಂದ ಪುಷ್ಯದವರೆಗೆ ಬರುವ ಹಬ್ಬ, ಪರಿಷೆ, ಜಾತ್ರೆಗಳಲ್ಲಿ ಹಾಡುವ ಪದಗಳಿವು. ಇವುಗಳಲ್ಲಿ ಹೆಚ್ಚಿನವು ಎರಡು ಪಶುಪಾಲಕ ಬುಡಕಟ್ಟುಗಳಿಗೆ, ಕಾಡುಗೊಲ್ಲರಿಗೆ ಮತ್ತು ಮ್ಯಾಸಬೇಡರಿಗೆ, ಸೇರಿದವು. ಪದ ಯಾವಾಗ ಹುಟ್ಟಿತು, ಕಟ್ಟಿದವರು ಯಾರು ಎಂದು ಹಟ್ಟಿಯಲ್ಲಿ ಯಾರೂ ಕೇಳುವುದಿಲ್ಲ. ಯಾರ ಬಾಯಿಂದ ಬಂತು ಎಂಬುದಷ್ಟೇ ಅವರಿಗೆ ಮುಖ್ಯ. ಆದ್ದರಿಂದ ಈ ಪದಗಳ ಇತಿಹಾಸವೆಂದರೆ ಬಹುಮಟ್ಟಿಗೆ ಹಾಡಿದವರ ಮತ್ತು ಬರೆದಿಟ್ಟುಕೊಂಡವರ ಇತಿಹಾಸ.

ರಾಜ್ಯದ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ಇದೂ ಒಂದು. ವೇದಾವತಿ ಹರಿದರೂ ಬೆಳೆ ಮಳೆಯನ್ನೇ ನಂಬಿದೆ. ಹಿಂದೆ ನವಣೆ, ಸಾಮೆ, ಸಜ್ಜೆ, ಹುರುಳಿ ಬೆಳೆಯುತ್ತಿದ್ದ ಹೊಲಗಳನ್ನು ಶೇಂಗಾ ಆವರಿಸಿಕೊಂಡಿತು. ಚಳ್ಳಕೆರೆಗೆ ಎಣ್ಣೆನಗರವೆಂಬ ಹೆಸರು ಬಂದದ್ದು ಅದರಿಂದಲೇ. ಮುಂಗಾರಿನ ಬೆಳೆ ಕಿತ್ತು ಕಣ ಸೇರಿದ ಮೇಲೆ ಕೈಗೆ ಬಿಡುವು ಸಿಗುವುದು ಚಳಿಗಾಲದಲ್ಲಿ. ದೊಡ್ಡ ಜಾತ್ರೆಗಳಲ್ಲಿ ಹಲವು ಈ ಕಾಲಕ್ಕೇ ಬರುವುದಕ್ಕೆ ಇದೂ ಕಾರಣವೆನ್ನಬಹುದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು ಮಾತ್ರ ಫಾಲ್ಗುಣದ್ದು, ಅದರ ಪದಗಳ ಪರಂಪರೆ ಬೇರೆ.

ಚಳಿಗಾಲದ ಜಾತ್ರೆಗಳಲ್ಲಿ ಹೆಸರಾದದ್ದು ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಜಾತ್ರೆ. ಇದು ಜನವರಿಯ ಹೊತ್ತಿಗೆ ಬರುತ್ತದೆ. ಇಲ್ಲಿ ಕಲ್ಲಿನ ಗುಡಿಯನ್ನು ಬಿಟ್ಟು ಮುಳ್ಳುಕಂಟಿಗಳನ್ನು ಒಟ್ಟಿ ಎತ್ತರದ ಗುಡಿ ಕಟ್ಟುತ್ತಾರೆ, ನೆತ್ತಿಯ ಮೇಲೆ ಕಳಸವಿಡುತ್ತಾರೆ. ವ್ರತ ಹಿಡಿದ ಈರಗಾರರು ಬರಿಗಾಲಲ್ಲಿ ಆ ಮುಳ್ಳಿನ ಮೇಲೆ ಹತ್ತಿ ಕಳಸ ಇಳಿಸುತ್ತಾರೆ. ಪತ್ರಿಕೆಗಳಲ್ಲಿ ಪ್ರತಿ ವರ್ಷ ಚಿತ್ರ ಬರುವುದು ಈ ಗಳಿಗೆಯದ್ದೇ. ಇದರಿಂದ ಹಾಡಿಗೆ ಅನ್ಯಾಯವಾಗಿದೆ ಎನ್ನಬೇಕು. ಮುಳ್ಳು ಹತ್ತಿ ಇಳಿಯುವುದು ಕೆಲವೇ ನಿಮಿಷಗಳ ಕೆಲಸ, ಪದ ಹೇಳುವುದು ಇಡೀ ರಾತ್ರಿಯದು.

ಹಾಡುವ ಬಗೆ ಎರಡು. ಗಂಡಸರ ಕಡೆ ಗಣೆ, ಅರೆ, ಉರುಮೆ ಇರುತ್ತವೆ. ಗಣೆ ಎಂದರೆ ಉದ್ದನೆಯ ಬಿದಿರ ಕೊಳಲು. ಇದು ಜುಂಜಪ್ಪನ ವಾದ್ಯವೆಂದೂ ಇದರ ದನಿಗೆ ದನಗಳು ಮಣಿಯುತ್ತಿದ್ದವೆಂದೂ ನಂಬಿಕೆ. ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ. ಅವನ ನೆಲೆ ಪಕ್ಕದ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿದ್ದರೂ ಕಥನವನ್ನು ಚಳ್ಳಕೆರೆಯ ಹಟ್ಟಿಗಳಲ್ಲೂ ಹಾಡುತ್ತಾರೆ. ಹೆಂಗಸರ ಪದಕ್ಕೆ ವಾದ್ಯ ಬೇಡ. ಮುಂದಾಳು ಸೊಲ್ಲು ಎತ್ತಿದರೆ ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಎರಡನೆಯವರು ಹೇಳಿ ಮುಗಿಸುವ ಆ ಬಿಡುವಿನಲ್ಲಿ ಮುಂದಾಳಿಗೆ ಮುಂದಿನ ಸಾಲು ಹೊಳೆಯುತ್ತದೆ. ಹೊಸ ಪದ ಹುಟ್ಟುವುದು ಇಲ್ಲೇ. ದಾಟಿ ಹಳೆಯದು, ಸೊಲ್ಲು ಹಳೆಯದು. ನಡುವೆ ಬರುವ ಹಟ್ಟಿಯ ಹೆಸರು, ಹರಕೆ ಹೊತ್ತವರ ಹೆಸರು, ಆ ವರ್ಷದ ಮಳೆ-ಬೆಳೆಯ ಮಾತು ಹೊಸವು. ಮುಂದಿನ ವರ್ಷ ಯಾರಾದರೂ ಅದನ್ನು ನೆನಪಿಟ್ಟುಕೊಂಡರೆ ಉಳಿಯಿತು, ಇಲ್ಲವಾದರೆ ಹೋಯಿತು.

ಕ್ಯಾತಪ್ಪ, ಎತ್ತಪ್ಪ, ಜುಂಜಪ್ಪ ಎಂಬ ತಮ್ಮ ದೈವಗಳನ್ನು ನೂರಾರು ಸೊಲ್ಲುಗಳಲ್ಲಿ ಹೊಗಳುವ ಈ ಹೆಂಗಸರೇ ಮುಟ್ಟಾದಾಗ, ಹೆರಿಗೆಯಾದಾಗ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗೆ ಉಳಿಯಬೇಕಾಗಿತ್ತು. ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ದೇವರ ಪದಗಳನ್ನು ಭಕ್ತಿಯ ಮಾತಾಗಿ ಮಾತ್ರ ಓದುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮ್ಯಾಸಬೇಡರ ಪದಗಳು ಎತ್ತುಗಳ ಸುತ್ತ ಬೆಳೆದಿವೆ. ನನ್ನಿವಾಳ ಮೊದಲಾದ ಕಡೆ ದೇವರ ಎತ್ತುಗಳ ಮಂದೆಗಳಿವೆ. ಅವನ್ನು ಮೇಯಿಸಿ ಕಾಯುವವನು ಕಿಲಾರಿ. ಗಾದ್ರಿಪಾಲನಾಯಕ, ಯರಮಂಚಿನಾಯಕ, ದಡ್ಡಿಸೂರನಾಯಕ, ಜಗಳೂರು ಪಾಪನಾಯಕ ಇವರೆಲ್ಲ ಮಂದೆಗಾಗಿ, ಕುಲಕ್ಕಾಗಿ ಬಾಳಿ ದೇವರಾದ ವೀರರು. ಹುಲಿಯೊಡನೆ ಕಾದಾಡಿ ಮಡಿದ ಗಾದ್ರಿಪಾಲನಾಯಕನ ಸಮಾಧಿ ಮಿಂಚೇರಿಯಲ್ಲಿದೆ. ಚಿತ್ರದುರ್ಗದ ಕಡೆಯ ಬಚ್ಚಬೋರನಹಟ್ಟಿಯಿಂದ ದೇವರ ಎತ್ತು, ಬಂಡಿಗಳೊಡನೆ ಅಲ್ಲಿಗೆ ಹೊರಡುವ ಮಿಂಚೇರಿ ಜಾತ್ರೆಯೂ ಚಳಿಗಾಲದ್ದೇ. ಹಲವು ಮ್ಯಾಸಬೇಡ ಕುಟುಂಬಗಳ ಮನೆಮಾತು ತೆಲುಗು. ಆಂಧ್ರದ ರಾಯದುರ್ಗ, ಕಲ್ಯಾಣದುರ್ಗಗಳು ಗಡಿಯಾಚೆ ಪಕ್ಕದಲ್ಲೇ ಇವೆ. ಹೀಗಾಗಿ ಒಂದೇ ವೀರನ ಕಥೆ ಎರಡು ಭಾಷೆಗಳಲ್ಲಿ ಓಡಾಡುತ್ತದೆ.

ಬರೆದಿಡುವ ಕೆಲಸ ಗಟ್ಟಿಯಾಗಿ ನಡೆದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಜೀ.ಶಂ. ಪರಮಶಿವಯ್ಯ ಜುಂಜಪ್ಪನ ಕಥನದ ಕಡೆ ವಿದ್ವಾಂಸರ ಗಮನ ಸೆಳೆದರು. ತೀ.ನಂ. ಶಂಕರನಾರಾಯಣ ಕಾಡುಗೊಲ್ಲರ ಸಂಪ್ರದಾಯಗಳನ್ನೇ ಅಧ್ಯಯನದ ವಿಷಯವಾಗಿಸಿಕೊಂಡರು. ಈ ಸೀಮೆಯವರೇ ಆದ ಮೀರಾಸಾಬಿಹಳ್ಳಿ ಶಿವಣ್ಣ ಇಲ್ಲಿನ ಬುಡಕಟ್ಟು ವೀರರ ಬಗ್ಗೆ ಬರೆದರು. ಆದರೆ ಪದಗಳ ಇತಿಹಾಸವನ್ನು ಬದಲಿಸಿದ್ದು ಒಂದು ಭೇಟಿ. ಚಳ್ಳಕೆರೆಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೃಷ್ಣಮೂರ್ತಿ ಹನೂರರು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಎದುರು ಕುಳಿತು ಆಕೆ ಹೇಳಿದ ಪದಗಳನ್ನು ಬರೆದುಕೊಂಡರು. ‘ಸಾವಿರದ ಸಿರಿಬೆಳಗು’ ಹಾಗೆ ಬಂದ ಸಂಗ್ರಹ. ಅಕ್ಷರ ಕಲಿಯದ ಸಿರಿಯಜ್ಜಿಗೆ ಸಾವಿರಾರು ಪದಗಳು ಕಂಠಸ್ಥವಾಗಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಅಲ್ಲಿಯವರೆಗೆ ‘ಗೊಲ್ಲರ ಹೆಂಗಸರ ಪದ’ ಎಂದಷ್ಟೇ ಅನ್ನಿಸಿಕೊಳ್ಳುತ್ತಿದ್ದುದಕ್ಕೆ ಮೊದಲ ಸಲ ಒಬ್ಬ ಹೆಣ್ಣಿನ ಹೆಸರು, ಊರು ಸೇರಿಕೊಂಡವು.

ಬೇರೆ ಕಡೆ ಹಬ್ಬದ ಹಾಡುಗಳ ಇತಿಹಾಸ ಹೇಗಿದೆ ಎಂದು ನೋಡಲು ಯಹೂದಿಗಳ ಚಳಿಗಾಲದ ದೀಪದ ಹಬ್ಬ ಹನುಕ್ಕಾ ಒಳ್ಳೆಯ ಉದಾಹರಣೆ. ಕಿಸ್ಲೇವ್ ತಿಂಗಳ 25ರಿಂದ ಎಂಟು ದಿನ ನಡೆಯುವ ಆ ಹಬ್ಬಕ್ಕೆ ಮಧ್ಯಯುಗದ ಒಂದು ಸ್ತೋತ್ರ ಇಂದಿಗೂ ಆಧಾರ. ಅದರ ಜೊತೆಗೆ ಹೊಸ ಹಾಡುಗಳನ್ನು ಬರೆಯುವವರೂ ಇದ್ದಾರೆ, ಅವರ ಹೆಸರು, ಇಸವಿ ದಾಖಲಾಗಿರುತ್ತವೆ. ಬೋಸ್ನಿಯಾದಲ್ಲಿ ಹುಟ್ಟಿ ಅಮೆರಿಕ ಸೇರಿದ ಫ್ಲೋರಿ ಜಗೋಡಾ 1983ರಲ್ಲಿ ಲಡಿನೊ ಭಾಷೆಯಲ್ಲಿ ಎಂಟು ಪುಟ್ಟ ದೀಪಗಳ ಹಾಡು ಕಟ್ಟಿದರು. ಈಗ ಬಹಳ ಮಂದಿ ಅದನ್ನು ಪುರಾತನ ಜನಪದ ಗೀತೆಯೆಂದೇ ತಿಳಿದಿದ್ದಾರೆ. ಅಮೆರಿಕದ ಹಾಡುಗಾರ ವುಡಿ ಗತ್ರಿ 1940ರ ದಶಕದ ಕೊನೆಯ ಹೊತ್ತಿಗೆ ಬರೆದಿಟ್ಟಿದ್ದ ಹನುಕ್ಕಾ ಹಾಡುಗಳಿಗೆ ಒಂದು ಸಂಗೀತ ತಂಡ ರಾಗ ಹಾಕಿ 2006ರಲ್ಲಿ ಹೊರತಂದಿತು. ಅಲ್ಲಿ ಬರೆದವರಿದ್ದರು, ದಾಟಿ ಆಮೇಲೆ ಬಂತು. ಇಲ್ಲಿ ದಾಟಿ ಮೊದಲಿಂದಲೂ ಇದೆ, ಕಟ್ಟಿದವರ ಹೆಸರಿಲ್ಲ.

ಕ್ಯಾಸೆಟ್ಟುಗಳ ಕಾಲದಲ್ಲಿ ಜುಂಜಪ್ಪ ಮತ್ತಿತರ ದೇವರ ಮೇಲೆ ಭಕ್ತಿಗೀತೆಗಳು ಬಂದವು, ಸಿ.ಡಿ.ಯಾದವು, ಈಗ ಮೊಬೈಲಿನಲ್ಲಿವೆ. ಇವುಗಳಿಗೆ ಕೀಬೋರ್ಡು, ತಬಲಾ ಸೇರಿ ಒಂದು ಹಾಡು ಐದಾರು ನಿಮಿಷಕ್ಕೆ ಮುಗಿಯುತ್ತದೆ. ಇಡೀ ರಾತ್ರಿಯ ಕಥನ ಆ ಅಳತೆಗೆ ಒಗ್ಗುವುದಿಲ್ಲ. ದೇವರ ಮಹಿಮೆ ಉಳಿದು, ಜುಂಜಪ್ಪನ ಮೇಲಿನ ಸೋದರಮಾವಂದಿರ ಹಗೆ, ದನದ ಕಷ್ಟ, ಬರ, ವಲಸೆ ಬಿಟ್ಟುಹೋಗುತ್ತವೆ. ಕಥನದ ಜೀವ ಇದ್ದದ್ದು ಅದರಲ್ಲಿ.

ಅಚ್ಚಾದ ಸಂಗ್ರಹಗಳ ಕೊರತೆ ಬೇರೆ ಬಗೆಯದು: ಅವುಗಳಲ್ಲಿ ಮಾತು ಇದೆ, ದಾಟಿ ಇಲ್ಲ. ಇಂದು ಹಟ್ಟಿ ಹಟ್ಟಿಯಲ್ಲೂ ಧ್ವನಿ ಹಿಡಿಯುವ ಫೋನು ಇದೆ. ಜಾತ್ರೆಗೆ ಹೋಗುವ ಕಾಲೇಜು ಹುಡುಗರು ಮುಳ್ಳು ಹತ್ತುವವರ ಚಿತ್ರ ತೆಗೆದಾದ ಮೇಲೆ ರಾತ್ರಿ ಪದ ಹೇಳುವ ಅಜ್ಜಿಯರ ಬಳಿಯೂ ಕೂರಬೇಕು, ಅವರ ಒಪ್ಪಿಗೆ ಪಡೆದು ಧ್ವನಿ ಹಿಡಿಯಬೇಕು, ಹಾಡಿದವರ ಹೆಸರು, ಹಟ್ಟಿ, ಸಂದರ್ಭಗಳನ್ನು ತಪ್ಪದೆ ಬರೆದಿಡಬೇಕು.