ಮಂಗಳವಾರದ ಸಂತೆ

ಗಾಜಿಯಾಬಾದ್‌ನಲ್ಲಿ ನಾನಿರುವ ಬಡಾವಣೆಯ ಹಿಂದಿನ ರಸ್ತೆಯಲ್ಲಿ ಪ್ರತಿ ಮಂಗಳವಾರ ಸಂತೆ ಕೂಡುತ್ತದೆ. ಇಲ್ಲಿಯವರು ಅದನ್ನು ಮಂಗಲ್ ಬಜಾರ್ ಅನ್ನುತ್ತಾರೆ. ದೆಹಲಿಯ ಸುತ್ತಮುತ್ತ ಹೀಗೆ ವಾರದ ಹೆಸರು ಹೊತ್ತ ಸಂತೆಗಳು ಬೇಕಾದಷ್ಟಿವೆ: ಸೋಮ್ ಬಜಾರ್, ಬುಧ್ ಬಜಾರ್, ಶನಿ ಬಜಾರ್. ಮಧ್ಯಾಹ್ನ ಮೂರಕ್ಕೆ ಅದು ಬರೀ ರಸ್ತೆ. ನಾಲ್ಕಕ್ಕೆ ಬಿದಿರ ಗಳು, ಟಾರ್ಪಾಲು ಬಂದಿಳಿಯುತ್ತವೆ. ಆರಕ್ಕೆ ಬಲ್ಬುಗಳ ಕೆಳಗೆ ಕಾಲಿಡಲು ಜಾಗವಿರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದಿಷ್ಟು ಕೋಸಿನ ಎಲೆ ಬಿಟ್ಟರೆ ಏನೂ ಉಳಿದಿರುವುದಿಲ್ಲ. ತಿಪಟೂರಿನ ಕಡೆಯಿಂದ ಬಂದ ನನಗೆ ಸಂತೆ ಹೊಸದಲ್ಲ. ಆದರೆ ಸಂತೆ ಎಂದರೆ ಜಾಗವಲ್ಲ, ಹೊತ್ತು ಎಂದು ನನಗೆ ತಿಳಿದದ್ದು ಊರಿನಲ್ಲೂ ಅಲ್ಲ, ಈ ರಸ್ತೆಯಲ್ಲೂ ಅಲ್ಲ. ಕಂಪ್ಯೂಟರಿನೊಳಗೆ ಕಟ್ಟಿದ ಒಂದು ಅರಳಿಕಟ್ಟೆಯಲ್ಲಿ.

2021ರ ಬೇಸಿಗೆ ಕಳೆದ ಮೇಲೆ, ನೋಯ್ಡಾ, ಗುರುಗ್ರಾಮ, ಮೈಸೂರು, ಮಂಗಳೂರುಗಳಲ್ಲಿ ಮನೆಯಲ್ಲೇ ಕೂತು ಅನುವಾದ ಮಾಡುವ ನಾವು ಇಪ್ಪತ್ತು ಮಂದಿ ಸೇರಿ ಗ್ಯಾದರ್ ಎಂಬ ತಾಣದಲ್ಲಿ ಒಂದು ಅಂಗಳ ಕಟ್ಟಿಕೊಂಡೆವು. ಹಳೆಯ ವಿಡಿಯೊ ಗೇಮಿನ ಹಾಗೆ ಕಾಣುವ ನಕ್ಷೆ ಅದು. ಅದರಲ್ಲಿ ನಿಮ್ಮದೊಂದು ಪುಟ್ಟ ಬೊಂಬೆ. ಬಾಣದ ಕೀಲಿ ಒತ್ತಿ ನಡೆಯುತ್ತೀರಿ. ಇನ್ನೊಬ್ಬರ ಹತ್ತಿರ ಹೋದರೆ ಅವರ ಮುಖ ತೆರೆಯುತ್ತದೆ, ದನಿ ಕೇಳುತ್ತದೆ. ದೂರ ಸರಿದರೆ ಮಾಸುತ್ತದೆ. ನಾವು ಒಂದು ಓದುವ ಕೋಣೆ, ಒಂದು ಕಾಫಿ ಮೇಜು, ನಡುವೆ ಮರ ನೆಟ್ಟು ಕಟ್ಟೆ ಮಾಡಿದೆವು. ಮೊದಲ ಭಾನುವಾರ ಹದಿನೆಂಟು ಜನ ಬಂದರು. "ಇಪ್ಪತ್ನಾಲ್ಕು ಗಂಟೆಯೂ ಬಾಗಿಲು ತೆರೆದೇ ಇರುತ್ತದೆ, ಯಾವಾಗ ಬೇಕಾದರೂ ಬನ್ನಿ" ಎಂದು ಹೇಳಿಕೊಂಡೆವು. ಒಂದು ತಿಂಗಳ ಮೇಲೆ ರಾತ್ರಿ ನಾನು ಹೋದಾಗ ಕಟ್ಟೆಯ ಪಕ್ಕ ನನ್ನ ಬೊಂಬೆ ಒಂದೇ ನಿಂತಿತ್ತು.

ನಷ್ಟ ಬೇಸರದ್ದಷ್ಟೇ ಅಲ್ಲ. ಆ ದಿನಗಳಲ್ಲಿ ಒಂದು ಏಜೆನ್ಸಿ ನನಗೆ ನಾಲ್ಕು ತಿಂಗಳ ಹಣ ಕೊಡದೆ ಸತಾಯಿಸುತ್ತಿತ್ತು. ಅದೇ ಗುಂಪಿನ ಇಬ್ಬರಿಗೆ ಅದೇ ಏಜೆನ್ಸಿ ಅದೇ ರೀತಿ ಮಾಡಿತ್ತು ಎಂದು ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ. ಕಚೇರಿಯಿದ್ದವರಿಗೆ ಇಂಥ ಸುದ್ದಿ ಕಾರಿಡಾರಿನಲ್ಲಿ ತಾನಾಗಿ ಸಿಗುತ್ತದೆ. ನಮ್ಮಂಥವರಿಗೆ ಕಾರಿಡಾರು ಎಲ್ಲಿ?

ಈ ಪ್ರಶ್ನೆ ಹಿಡಿದು ಹಿಂದೆ ಹೋದರೆ, ನಮಗಿಂತ ಮೂವತ್ತು ವರ್ಷ ಮೊದಲೇ ಇದನ್ನು ಕೇಳಿದವರು ಸಿಗುತ್ತಾರೆ.

*

ಕಂಪ್ಯೂಟರಿನ ಒಳಗೆ ಹಲವರು ಒಟ್ಟಿಗೆ ಓಡಾಡಬಹುದಾದ ಮೊದಮೊದಲ ಲೋಕಗಳಲ್ಲಿ ಒಂದು ಹುಟ್ಟಿದ್ದು ಆಟಕ್ಕಾಗಿ, ಒಂದು ವಿಶ್ವವಿದ್ಯಾಲಯದಲ್ಲಿ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಶುರುಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಆ ಆಟದ ಹೆಸರು ಮಡ್. ಚಿತ್ರವೇ ಇಲ್ಲ, ಎಲ್ಲ ಅಕ್ಷರ. "ನೀವು ಒಂದು ಕಿರಿದಾದ ದಾರಿಯಲ್ಲಿದ್ದೀರಿ, ಪೂರ್ವಕ್ಕೆ ಕಾಡು" ಎಂಬ ಧಾಟಿಯ ವಾಕ್ಯ ಬರುತ್ತದೆ. ನೀವು "ಪೂರ್ವ" ಎಂದು ಟೈಪ್ ಮಾಡುತ್ತೀರಿ. ಮುಂದೆ ಇದರದೇ ಒಂದು ಕವಲಿಗೆ ಮೂ ಎಂಬ ಹೆಸರು ಬಂತು. ಇಂಗ್ಲಿಷಿನ ಹಸು ಕೂಗುವುದು ಹಾಗೆ. ನಮ್ಮದಾದರೆ ಅಂಬಾ ಅನ್ನುತ್ತದೆ. ಮೂಗಳಲ್ಲಿ ಆಡುವವರೇ ಹೊಸ ಕೋಣೆ, ಹೊಸ ವಸ್ತು ಕಟ್ಟಬಹುದಿತ್ತು. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ನಡೆಸಿದ ಲ್ಯಾಮ್ಡಾಮೂ ಇವುಗಳಲ್ಲಿ ಹೆಸರಾದದ್ದು.

ಎಂಐಟಿಯ ಮೀಡಿಯಾ ಲ್ಯಾಬಿನಲ್ಲಿ ಆಗ ವಿದ್ಯಾರ್ಥಿನಿಯಾಗಿದ್ದ ಏಮಿ ಬ್ರಕ್‌ಮನ್ ಇದನ್ನು ಆಟದಿಂದ ಬಿಡಿಸಿದರು. ವಿದ್ವಾಂಸರಿಗೆ ವರ್ಷಕ್ಕೊಮ್ಮೆ ಸಮ್ಮೇಳನದಲ್ಲಿ, ಅದೂ ಚಹಾದ ವಿರಾಮದಲ್ಲಿ ಸಿಗುವ ಪರಿಚಯ ಉಳಿದ ದಿನಗಳಲ್ಲೂ ಸಿಕ್ಕರೆ? ಆ ಆಲೋಚನೆಯಿಂದ ಹುಟ್ಟಿದ್ದು ಮೀಡಿಯಾಮೂ. ಲ್ಯಾಬಿನ ಕಟ್ಟಡವನ್ನೇ ಹೋಲುವ ಕೋಣೆಗಳು, ಓಣಿಗಳು. ಸೇರುವವರು ತಾವು ಯಾವ ಸಂಶೋಧನೆ ಮಾಡುತ್ತಿದ್ದೇವೆ ಎಂದು ಹೇಳಬೇಕಿತ್ತು. 1993ರ ಜನವರಿ 20ರಂದು, ಬಿಲ್ ಕ್ಲಿಂಟನ್ ಅಧಿಕಾರ ವಹಿಸಿದ ದಿನವೇ, ಮೀಡಿಯಾಮೂ ತನ್ನದೇ ಒಂದು ಉದ್ಘಾಟನಾ ನೃತ್ಯಕೂಟ ನಡೆಸಿತು. ಬಂದವರಿಗೆಂದು ಬಟ್ಟೆ ಬದಲಿಸುವ ಕೋಣೆ, ಅಲ್ಲಿ ತೂಗುಹಾಕಿದ ಉಡುಪುಗಳು. ಎಲ್ಲವೂ ಬರೀ ವಾಕ್ಯಗಳೇ. ಅಪರಿಚಿತರು ಒಬ್ಬರನ್ನೊಬ್ಬರು ಮಾತಾಡಿಸಲು ಒಂದು ನೆಪ ಬೇಕು, "ನಿಮ್ಮ ಅಂಗಿ ಚೆನ್ನಾಗಿದೆ" ಅನ್ನುವಷ್ಟಾದರೂ. ಈ ಸಣ್ಣ ವಿಷಯವನ್ನು ಯೋಚಿಸಿ ಕಟ್ಟಿದ ಲೋಕ ಅದು.

ಅದರೊಳಗೆ ಬೆಳೆದ ಒಂದು ಕೂಟ ಇನ್ನೂ ಮುಖ್ಯ. ಅಮೆರಿಕದ ಕಾಲೇಜುಗಳಲ್ಲಿ ಬರವಣಿಗೆ ಕಲಿಸುವ ಕೆಲವು ಮೇಷ್ಟರುಗಳು ಪಾಠಕ್ಕೆ ಕಂಪ್ಯೂಟರ್ ಬಳಸತೊಡಗಿದ್ದರು. ತಂತಮ್ಮ ವಿಭಾಗಗಳಲ್ಲಿ ಹಲವರು ಒಂಟಿ. ಮಾತಾಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲ. ಟಾರಿ ಫ್ಯಾಂಡರ್‌ಕ್ಲೈ ಮತ್ತು ಗ್ರೆಗ್ ಸೀರಿಂಗ್ ಇಂಥವರನ್ನು ಮೀಡಿಯಾಮೂ ಒಳಗೆ ವಾರಕ್ಕೊಮ್ಮೆ ಸೇರಿಸಿದರು. ಅದರ ಹೆಸರೇ ಟ್ಯೂಸ್‌ಡೇ ಕೆಫೆ, ಮಂಗಳವಾರದ ಕಾಫಿ ಅಂಗಡಿ. ವಾರ ಗೊತ್ತು, ಹೊತ್ತು ಗೊತ್ತು, ಮಾತಿಗೆ ವಿಷಯವೂ ಗೊತ್ತು. ನಮ್ಮ ಹಿಂದಿನ ರಸ್ತೆಯ ಮಂಗಲ್ ಬಜಾರಿಗೂ ಅದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಮೀಡಿಯಾಮೂ ಕ್ರಮೇಣ ಖಾಲಿಯಾಯಿತು. ಬ್ರಕ್‌ಮನ್ ಅವರೇ ಮುಂದೆ ಸಹಲೇಖಕರೊಬ್ಬರ ಜೊತೆ ಅದರ ಸಾವಿನ ರಹಸ್ಯ ಕೆದಕಿ ಲೇಖನ ಬರೆದರು. ತಾವು ಕಟ್ಟಿದ್ದು ಯಾಕೆ ಸತ್ತಿತೆಂದು ಕೂತು ಬರೆಯುವವರು ಅಪರೂಪ. ಅಲ್ಲಿ ಕಾಣುವ ಕಾರಣಗಳು ಸರಳ. ಸದಸ್ಯರ ಆಸಕ್ತಿಗಳು ಕವಲೊಡೆದು ಒಂದೊಂದು ಗುಂಪೂ ತನ್ನದೇ ಜಾಗ ಹುಡುಕಿಕೊಂಡಿತು; ಮಂಗಳವಾರದ ಕೂಟವೂ ಬೇರೆ ಮೂಗೆ ಎದ್ದುಹೋಯಿತು. ನಿಗದಿತ ಕೂಟ ಇಲ್ಲದ ಕಡೆ ಯಾವಾಗಲೋ ಬಂದವರಿಗೆ ಯಾರೂ ಸಿಗುವುದಿಲ್ಲ; ಸಿಗದವರು ಮತ್ತೆ ಬರುವುದಿಲ್ಲ. ಅಂಗಡಿ ಹಗಲೂರಾತ್ರಿ ತೆರೆದಿದ್ದರೆ ಸಾಕು ಎಂದು ನಾವು ನಂಬಿದ್ದೆವಲ್ಲ, ಆ ನಂಬಿಕೆ ನಾವು ಶುರುಮಾಡುವ ಎಷ್ಟೋ ಮೊದಲೇ ಸುಳ್ಳಾಗಿತ್ತು.

*

ಇದೇ ಸಮಯದಲ್ಲಿ ನಮ್ಮವರು ಎಲ್ಲಿದ್ದರು? 1986ರಲ್ಲಿ ಶುರುವಾದ ಅರ್ನೆಟ್ ಜಾಲ ದೆಹಲಿ ಸೇರಿ ಐದು ಐಐಟಿಗಳನ್ನು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಸೆದಿತ್ತು. ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅದರಲ್ಲೂ ಅಕ್ಷರ ಮಾತ್ರ ಕಾಣುವ ಅಗ್ಗದ ಖಾತೆಯೊಂದಿತ್ತು. ಅಕ್ಷರವೇ ಎಲ್ಲವೂ ಆಗಿದ್ದ ಆ ಲೋಕಗಳಿಗೆ ಅದು ಹೇಳಿಮಾಡಿಸಿದ ಖಾತೆ. ಆದರೆ ಅಕ್ಷರ ಇಂಗ್ಲಿಷಿನದೇ ಆಗಿರಬೇಕಿತ್ತು.

ಕನ್ನಡದಲ್ಲಿ ಒಂದು ಮೂ ಇದ್ದಿದ್ದರೆ? ಭಾಷಾಶಾಸ್ತ್ರ ಓದಿದವರ ತಲೆ ಇಂಥ ಕಡೆಗೇ ಹೋಗುತ್ತದೆ. ಮೂಗಳಲ್ಲಿ ಮಾತಾಡುವುದಷ್ಟೇ ಅಲ್ಲ, ಅಭಿನಯಿಸಬಹುದಿತ್ತು. ಒಂದು ಚಿಹ್ನೆ ಹಾಕಿ ನಗುವ ಕ್ರಿಯಾಪದ ಟೈಪ್ ಮಾಡಿದರೆ ನಿಮ್ಮ ಹೆಸರು ತಾನಾಗಿ ಮುಂದೆ ಸೇರಿ "ಇಂಥವರು ನಗುತ್ತಾರೆ" ಎಂದು ಎಲ್ಲರಿಗೂ ಕಾಣುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ, ಸರ್ವನಾಮಕ್ಕಷ್ಟೇ ಇದೆ. ಅದಕ್ಕಾಗಿ ಲ್ಯಾಮ್ಡಾಮೂನಲ್ಲಿ ಹತ್ತು ಬಗೆಯ ಆಯ್ಕೆ ಕೊಟ್ಟಿದ್ದರು, ತನ್ನನ್ನು ತಾನೇ 'ನಾವು' ಎಂದುಕೊಳ್ಳುವ ರಾಜನ ಬಗೆಯೂ ಅದರಲ್ಲಿತ್ತು. ಕನ್ನಡದಲ್ಲಿ ಕ್ರಿಯಾಪದವೇ ಬಾಯಿಬಿಡುತ್ತದೆ: ನಗುತ್ತಾನೆ, ನಗುತ್ತಾಳೆ, ನಗುತ್ತಾರೆ. ನನ್ನ ಬಗ್ಗೆ ನಾನೇ "ನಗುತ್ತಾರೆ" ಎಂದು ಬರೆದುಕೊಂಡರೆ ಜಂಬ. "ನಗುತ್ತಾಳೆ" ಎಂದು ಮೇಡಂ ಬರೆದುಕೊಂಡರೆ ಅದನ್ನು ಓದುವ ವಿದ್ಯಾರ್ಥಿಗೆ ಮುಜುಗರ. ಒಂದೇ ಸಾಲು ಇಬ್ಬರಿಗೂ ಸಲ್ಲುವುದಿಲ್ಲ.

ಇಂಥ ಲೋಕಗಳಲ್ಲಿ ಮೇಲು ಕೀಳು ಕರಗುತ್ತದೆ ಎಂಬ ಭರವಸೆ ಆಗ ದೊಡ್ಡದಾಗಿತ್ತು. ನಮ್ಮ ಅರಳಿಕಟ್ಟೆಯಲ್ಲಿ ಅದು ಕರಗಲಿಲ್ಲ. ಬೊಂಬೆಯ ತಲೆಯ ಮೇಲೆ ಬರೀ ಹೆಸರಿತ್ತು. ಹಿರಿಯರೋ ಕಿರಿಯರೋ, ಸರ್ ಅನ್ನಬೇಕೋ ಬೇಡವೋ ಗೊತ್ತಾಗದೆ ಎಷ್ಟೋ ಜನ ಬಾಯೇ ತೆರೆಯಲಿಲ್ಲ. ದಾವಣಗೆರೆಯ ಹಿರಿಯರೊಬ್ಬರು ಮಾತ್ರ ಪ್ರತಿಯೊಬ್ಬರ ಹತ್ತಿರ ನಡೆದುಹೋಗಿ, "ನಮಸ್ಕಾರ ರೀ, ಯಾವೂರಾಯ್ತು ನಿಮ್ದು?" ಎಂದು ಕೇಳುತ್ತಿದ್ದರು. ಮಾತು ಹುಟ್ಟುತ್ತಿದ್ದದ್ದು ಆಮೇಲೆ.

*

ಚಿತ್ರಗಳ ಲೋಕಗಳಲ್ಲಿ ಹೆಸರಾದದ್ದು ಸೆಕೆಂಡ್ ಲೈಫ್. ಸ್ಯಾನ್ ಫ್ರಾನ್ಸಿಸ್ಕೊದ ಲಿಂಡೆನ್ ಲ್ಯಾಬ್ 2003ರಲ್ಲಿ ತೆರೆದ ಈ ಲೋಕದಲ್ಲಿ ಭೂಮಿ ಕೊಳ್ಳಬಹುದು, ಮನೆ ಕಟ್ಟಬಹುದು. 2006ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ನೆಸನ್ ಮತ್ತು ಅವರ ಮಗಳು ರೆಬೆಕಾ ನೆಸನ್ ಒಂದು ಕಾನೂನು ಕೋರ್ಸನ್ನು ಭಾಗಶಃ ಅಲ್ಲೇ ನಡೆಸಿದರು. ಹೊರಗಿನವರೂ ಬಂದು ಕೂರಬಹುದಿತ್ತು. 2008ರಲ್ಲಿ ಐಬಿಎಂ ತನ್ನ ತಂತ್ರಜ್ಞರ ಸಮ್ಮೇಳನವನ್ನು ಅಲ್ಲಿ ನಡೆಸಿತು. ಇನ್ನೂರಕ್ಕೂ ಹೆಚ್ಚು ಜನ ಸೇರಿದ್ದರು. ಪ್ರಯಾಣದ ಖರ್ಚು ಸೇರಿ 3,20,000 ಡಾಲರ್ ಉಳಿಯಿತು ಎಂದು ಕಂಪನಿ ಲೆಕ್ಕ ಹಾಕಿತು.

ಕಾಲೇಜುಗಳು ದ್ವೀಪಗಳನ್ನು ಬಾಡಿಗೆಗೆ ಹಿಡಿದವು. ಒಂದು ದ್ವೀಪಕ್ಕೆ ತಿಂಗಳಿಗೆ 295 ಡಾಲರ್. ಶಿಕ್ಷಣ ಸಂಸ್ಥೆಗಳಿಗೆ ಅರ್ಧ ಬೆಲೆ. 2010ರ ಅಕ್ಟೋಬರಿನಲ್ಲಿ ಆ ರಿಯಾಯಿತಿ ನಿಲ್ಲಿಸುವುದಾಗಿ ಲಿಂಡೆನ್ ಲ್ಯಾಬ್ ಪ್ರಕಟಿಸಿತು. ಆ ವರ್ಷದ ಬಜೆಟ್ ಆಗಲೇ ಮುಗಿಸಿಕೊಂಡಿದ್ದ ಎಷ್ಟೋ ವಿಭಾಗಗಳು ಗಂಟುಮೂಟೆ ಕಟ್ಟಿದವು. 2013ರಲ್ಲಿ ರಿಯಾಯಿತಿ ಮರಳಿತು. ಹೋದವರು ಅಷ್ಟಾಗಿ ಮರಳಲಿಲ್ಲ. ಸಂತೆಮಾಳ ಪಂಚಾಯಿತಿಯದಾಗಿದ್ದರೆ ಬೀದಿಗಿಳಿದು ಗಲಾಟೆಯನ್ನಾದರೂ ಮಾಡಬಹುದು. ಇಲ್ಲಿ ಮಾಳವೇ ಕಂಪನಿಯದು.

*

ದೂರದಲ್ಲಿದ್ದವರಿಗೆ ಪಾಠ ತಲುಪಿಸುವ ಕಷ್ಟ ದೆಹಲಿಗೆ ಇದಕ್ಕಿಂತ ಹಳೆಯದು. 1961ರಲ್ಲಿ ಫೋರ್ಡ್ ಫೌಂಡೇಶನ್ ನೆರವಿನಿಂದ ದೆಹಲಿಯ ಪ್ರೌಢಶಾಲೆಗಳಿಗೆ ಟೆಲಿವಿಷನ್ ಪಾಠ ಶುರುವಾಯಿತು. ಮರುವರ್ಷ, 1962ರಲ್ಲಿ, ದೆಹಲಿ ವಿಶ್ವವಿದ್ಯಾಲಯ ಅಂಚೆ ಮೂಲಕ ಪದವಿ ತರಗತಿ ತೆರೆಯಿತು. ನಮ್ಮ ಮೈಸೂರು ವಿಶ್ವವಿದ್ಯಾಲಯ ಅದೇ ದಾರಿ ಹಿಡಿದದ್ದು 1969ರಲ್ಲಿ. ಅಂಚೆಯಲ್ಲಿ ಪಾಠ ಬಂದರೂ, ವರ್ಷದಲ್ಲಿ ಕೆಲವು ದಿನ ವಿದ್ಯಾರ್ಥಿಗಳನ್ನು ಒಂದೆಡೆ ಕರೆಸುವ ಸಂಪರ್ಕ ತರಗತಿಗಳಿದ್ದವು. ನಮ್ಮ ತಂದೆಯ ಅಕ್ಕ ಹೀಗೇ ಬಿಎ ಮಾಡಿದವರು. ಯಾವ ಪಾಠ ಓದಿದೆ ಎಂದು ಅತ್ತೆಗೆ ಈಗ ನೆನಪಿಲ್ಲ. ಸಂಪರ್ಕ ತರಗತಿಯಲ್ಲಿ ಪಕ್ಕ ಕೂತಿದ್ದ ಹಾಸನದ ಗೆಳತಿಗೆ ಈಗಲೂ ಫೋನು ಮಾಡುತ್ತಾರೆ.

1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಟೆಲಿವಿಷನ್ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಊರಿಗೊಂದು ಸೆಟ್ಟು, ಗೊತ್ತಾದ ಹೊತ್ತಿಗೆ ಜನ ಅದರ ಮುಂದೆ ಸೇರಬೇಕು. ತಂತ್ರಜ್ಞಾನ ಆಕಾಶದಲ್ಲಿದ್ದರೂ ಕೂಟ ನೆಲದ ಮೇಲೆ ನಡೆಯಿತು.

ಇವುಗಳ ಪಕ್ಕದಲ್ಲಿ ಐಐಟಿ ಬಾಂಬೆ 2020ರ ಆಗಸ್ಟ್ 23ರಂದು ನಡೆಸಿದ ಘಟಿಕೋತ್ಸವವನ್ನು ಇಟ್ಟು ನೋಡಿ. ಕೋವಿಡ್ ಕಾಲ, ವಿದ್ಯಾರ್ಥಿಗಳು ಮನೆಯಲ್ಲಿ. ಒಬ್ಬೊಬ್ಬರದೂ ಒಂದೊಂದು ಅವತಾರ ವೇದಿಕೆಗೆ ಬಂದು ನಿರ್ದೇಶಕರ ಅವತಾರದಿಂದ ಪದವಿ ಪಡೆಯಿತು. ನೊಬೆಲ್ ಪಡೆದ ಭೌತವಿಜ್ಞಾನಿ ಡಂಕನ್ ಹಾಲ್ಡೇನ್ ಮುಖ್ಯ ಅತಿಥಿ. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ದಿನ ಗೊತ್ತಿತ್ತು, ಗಂಟೆ ಗೊತ್ತಿತ್ತು, ಮನೆಮಂದಿಯೆಲ್ಲ ಪರದೆಯ ಮುಂದೆ ಕೂತಿದ್ದರು. ಅದಕ್ಕೇ ಅದು ಘಟಿಕೋತ್ಸವದ ಹಾಗೆ ನಡೆಯಿತು.

ಹೊತ್ತು ಬೇಡದ ಕೆಲಸಗಳೂ ಇವೆ. ಐಐಟಿ ದೆಹಲಿಯ ಮುಂದಾಳುತನದಲ್ಲಿ, ನಮ್ಮ ಸುರತ್ಕಲ್‌ನ ಎನ್‌ಐಟಿಕೆಯೂ ಸೇರಿ ಕೆಲವು ಸಂಸ್ಥೆಗಳು ಕಟ್ಟಿದ ವರ್ಚುವಲ್ ಲ್ಯಾಬ್ಸ್ ಹಾಗಿನದು. ಪ್ರಯೋಗಾಲಯ ಸರಿಯಿಲ್ಲದ ಕಾಲೇಜಿನ ವಿದ್ಯಾರ್ಥಿ ನಡುರಾತ್ರಿ ಕೂತು ಪರದೆಯ ಮೇಲೆ ಪ್ರಯೋಗ ಮಾಡಬಹುದು. ಅಲ್ಲಿ ಅವತಾರವಿಲ್ಲ, ಸಭಾಂಗಣವಿಲ್ಲ, ಯಾರನ್ನೂ ಕಾಯಬೇಕಿಲ್ಲ. ಅದು ಪುಸ್ತಕದ ಹಾಗೆ. ಪುಸ್ತಕವನ್ನು ಸಂತೆ ಮಾಡಲು ಹೋಗುವುದು, ಸಂತೆಯನ್ನು ಪುಸ್ತಕದ ಹಾಗೆ ಸದಾ ತೆರೆದಿಡುವುದು, ಎರಡೂ ದುಬಾರಿ ತಪ್ಪು. ಪಾಠದಲ್ಲಿ ಎರಡೂ ಬೆರೆತಿರುತ್ತವೆ. ಯಾವುದು ಎಷ್ಟು ಎಂದು ನೋಡಿಕೊಳ್ಳದೆ ಕಟ್ಟಡ ಎಬ್ಬಿಸುತ್ತೇವೆ.

*

2022ರ ಜನವರಿಯಲ್ಲಿ ನಾವು ಏಳು ಜನ ಅದೇ ಅರಳಿಕಟ್ಟೆಗೆ ಮರಳಿದೆವು. ಓದುವ ಕೋಣೆ ಅಳಿಸಿದೆವು, ಕಾಫಿ ಮೇಜು ಅಳಿಸಿದೆವು. ಕಟ್ಟೆ ಉಳಿಸಿಕೊಂಡೆವು, ಇಬ್ಬರು ಪಕ್ಕಕ್ಕೆ ಸರಿದು ಗುಟ್ಟು ಮಾತಾಡಬೇಕಾದರೆ ಸಾಮಾನ್ಯ ವಿಡಿಯೊ ಕರೆಯಲ್ಲಿ ಸುಲಭದ ದಾರಿಯಿಲ್ಲ. ಸೇರುವುದು ಮಂಗಳವಾರ ರಾತ್ರಿ ಒಂಬತ್ತಕ್ಕೆ, ಹತ್ತಕ್ಕೆ ಮುಗಿಸುವುದು. ಆಮೇಲೆ ಯಾರೂ ಇರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆವು. ತಲೆಯ ಮೇಲಿನ ಹೆಸರಿನ ಜೊತೆಗೆ ಊರು ಬರೆಯುವುದು ದಾವಣಗೆರೆಯವರ ಸಲಹೆ.

ನನ್ನ ಹಣ ಸತಾಯಿಸಿದ ಏಜೆನ್ಸಿಯ ಕಥೆ ಹೊರಬಿದ್ದದ್ದು ಅಲ್ಲಿ, ಕಟ್ಟೆಯ ಎಡಗಡೆ, ಆ ವರ್ಷದ ಮಳೆಗಾಲದಲ್ಲಿ. ಮೂವರೂ ಸೇರಿ ಒಂದೇ ಪತ್ರ ಬರೆದೆವು. ಇಬ್ಬರಿಗೆ ಪೂರ್ತಿ ಹಣ ಬಂತು, ನನಗೆ ಅರ್ಧ. ಈಗ ಯಾರಾದರೂ ಹೊಸ ಗಿರಾಕಿಯ ಹೆಸರು ಹೇಳಿದರೆ, ಒಪ್ಪಿಕೊಳ್ಳುವ ಮೊದಲು ಮಂಗಳವಾರದವರೆಗೆ ಕಾಯುತ್ತೇನೆ. ಅಂದು ಎಂಟೂವರೆಗೆ ಹಿಂದಿನ ರಸ್ತೆಗೆ ಹೋಗಿ ತರಕಾರಿ ತಂದಿಟ್ಟು, ಕೈ ತೊಳೆದು, ಲ್ಯಾಪ್‌ಟಾಪ್ ತೆರೆಯುತ್ತೇನೆ. ಹೆಚ್ಚಾಗಿ ದಾವಣಗೆರೆಯವರು ಮೊದಲೇ ಬಂದು ನಿಂತಿರುತ್ತಾರೆ.