ಮಣ್ಣಿನ ಪಾತ್ರೆಯಲ್ಲಿ ಹೊನ್ನಿನ ಹೊಳಪು: ಅಬ್ಬಾಸೀ ಕುಂಬಾರರು ಬಿಟ್ಟುಹೋದ ಪಾಠ

ಸಾವಿರ ವರ್ಷಗಳ ಹಿಂದೆಯೇ ಮುಸ್ಲಿಮರು ನ್ಯಾನೋ ತಂತ್ರಜ್ಞಾನವನ್ನು ಕಂಡುಹಿಡಿದಿದ್ದರು ಎಂಬ ಮಾತು ಭಾಷಣಗಳಲ್ಲಿಯೂ ಮೊಬೈಲ್ ಸಂದೇಶಗಳಲ್ಲಿಯೂ ಕೇಳಿಬರುತ್ತಿದೆ. ಕಿವಿಗೆ ಹಿತವಾದ ಮಾತು. ಆದರೆ ಮಕ್ಕಳಿಗೆ ಅದನ್ನು ಕಲಿಸುವ ಮುನ್ನ ಅದರಲ್ಲಿ ಸತ್ಯವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂದು ತೂಗಿ ನೋಡುವುದು ನಮ್ಮ ಹೊಣೆ. ಈ ಮಾತಿನ ಮೂಲದಲ್ಲಿರುವುದು ಒಂದು ಮಣ್ಣಿನ ಪಾತ್ರೆ.

ಕ್ರಿ.ಶ. 9ನೇ ಶತಮಾನದಲ್ಲಿ, ಅಬ್ಬಾಸೀ ಖಿಲಾಫತ್‌ನ ಕಾಲದಲ್ಲಿ, ಇರಾಕಿನ ಕುಂಬಾರರು ಚಿನ್ನದಂತೆ ಹೊಳೆಯುವ ಪಾತ್ರೆಗಳನ್ನು ತಯಾರಿಸಿದರು. ಅವುಗಳಲ್ಲಿ ಚಿನ್ನದ ಒಂದು ಕಣವೂ ಇರಲಿಲ್ಲ. ಫಾರ್ಸಿಯಲ್ಲಿ ಇವಕ್ಕೆ 'ಝರ್ರೀನ್‌ಫಾಮ್', ಅಂದರೆ ಹೊನ್ನಿನ ಬಣ್ಣದ್ದು ಎಂಬ ಹೆಸರಿದೆ. ನಮ್ಮ ಸೀರೆಗಳ 'ಜರಿ' ಎಂಬ ಪದವೂ ಅದೇ 'ಝರ್' ಎಂಬ ಮೂಲದಿಂದ ಬಂದುದು. ಇಂಗ್ಲಿಷರು ಈ ಪಾತ್ರೆಗಳನ್ನು ಲಸ್ಟರ್ ಎನ್ನುತ್ತಾರೆ. ಟುನೀಶಿಯಾದ ಕೈರವಾನಿನ ಮಹಾ ಮಸೀದಿಯ ಮಿಹ್ರಾಬಿನ ಸುತ್ತ ಸುಮಾರು 862ರಲ್ಲಿ ಅಳವಡಿಸಲಾದ ಇಂತಹ ಹೆಂಚುಗಳು ಇಂದಿಗೂ ಹೊಳೆಯುತ್ತಿವೆ.

ಚಿನ್ನ ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣುವುದನ್ನೂ ಕುಡಿಯುವುದನ್ನೂ ಪ್ರವಾದಿವರ್ಯರು(ಸ) ನಿಷೇಧಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿ ಬಂದಿದೆ. ಆ ಕಾರಣದಿಂದಲೇ ಈ ಕಲೆ ಹುಟ್ಟಿತೆಂದು ಹಲವರು ಹೇಳುತ್ತಾರೆ. ಆದರೆ ಅರಮನೆಗಳಲ್ಲಿ ಚಿನ್ನದ ಪಾತ್ರೆಗಳು ಬಳಕೆಯಲ್ಲಿದ್ದುದನ್ನೂ ಇತಿಹಾಸ ದಾಖಲಿಸಿದೆ. ಆದ್ದರಿಂದ ಅದೊಂದೇ ಕಾರಣವೆಂದು ಖಚಿತವಾಗಿ ಹೇಳಲಾಗದು.

ತಯಾರಿಕೆಯ ಕ್ರಮ ಹೀಗಿತ್ತು. ಮೊದಲು ಪಾತ್ರೆಗೆ ಗಾಜಿನಂತಹ ಬಿಳಿಯ ಮೆರುಗನ್ನು ಲೇಪಿಸಿ ಸುಡುತ್ತಿದ್ದರು. ಬಳಿಕ ತಾಮ್ರ ಮತ್ತು ಬೆಳ್ಳಿಯ ಸಂಯುಕ್ತಗಳನ್ನು ಕಾವಿಮಣ್ಣಿನೊಂದಿಗೆ ಸಿರ್ಕಾದಲ್ಲಿ ಕಲಸಿ, ಅದರಿಂದ ಚಿತ್ರ ಬರೆದು, ಮತ್ತೊಮ್ಮೆ ಆವಿಗೆಯಲ್ಲಿಡುತ್ತಿದ್ದರು. ಈ ಬಾರಿ ಶಾಖ ಕಡಿಮೆ, ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಷ್ಟು. ಹೊಗೆ ಹೆಚ್ಚು, ಗಾಳಿ ಕಡಿಮೆ. ತಣ್ಣಗಾದ ಮೇಲೆ ಕಪ್ಪಾದ ಮಣ್ಣನ್ನು ಉಜ್ಜಿ ತೆಗೆದರೆ ಅಡಿಯಲ್ಲಿ ಹೊನ್ನಿನ ಹೊಳಪು ಕಾಣಿಸುತ್ತಿತ್ತು.

ಆ ಹೊಗೆಯಲ್ಲಿ ನಡೆದುದೇನೆಂಬುದನ್ನು ಇಂದಿನ ವಿಜ್ಞಾನಿಗಳು ಪಾತ್ರೆಯ ಚೂರುಗಳನ್ನು ಪರೀಕ್ಷಿಸಿ ತಿಳಿದಿದ್ದಾರೆ. ತಾಮ್ರ ಮತ್ತು ಬೆಳ್ಳಿಯ ಅಯಾನುಗಳು ಗಾಜಿನೊಳಗೆ ಇಳಿದು, ಅಲ್ಲಿದ್ದ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಸ್ಥಾನವನ್ನು ಪಡೆಯುತ್ತವೆ. ಆಮ್ಲಜನಕದ ಕೊರತೆಯಿಂದ ಅವು ಪುನಃ ಲೋಹವಾಗಿ, ಅತಿ ಸೂಕ್ಷ್ಮ ಕಣಗಳಾಗಿ ಕೂಡಿಕೊಳ್ಳುತ್ತವೆ. ಕಣದ ಗಾತ್ರ ಕೆಲವೇ ನ್ಯಾನೋಮೀಟರುಗಳಿಂದ ಕೆಲವು ಹತ್ತು ನ್ಯಾನೋಮೀಟರುಗಳವರೆಗೆ; ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಇಷ್ಟು ಸಣ್ಣ ಕಣದ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡಿ, ಬೆಳಕಿನ ಒಂದು ಬಣ್ಣವನ್ನು ಹೀರಿಕೊಳ್ಳುತ್ತವೆ. ಬೆಳ್ಳಿಯ ಕಣ ನೇರಳೆ ಮತ್ತು ನೀಲಿಯನ್ನು ಹೀರಿ ಹಳದಿಯನ್ನು ಉಳಿಸುತ್ತದೆ. ತಾಮ್ರದ ಕಣ ಹಸಿರನ್ನು ಹೀರಿ ಕೆಂಪನ್ನು ಉಳಿಸುತ್ತದೆ. ಕಣಗಳು ಗಾಜಿನ ಒಳಗೇ ಇರುವುದರಿಂದ ಈ ಹೊಳಪು ಸುಲಭವಾಗಿ ಸವೆಯುವುದಿಲ್ಲ.

ಇದೇ ತತ್ವದ ಮೇಲೆ ಇಂದೂ ಸಂಶೋಧನೆ ನಡೆಯುತ್ತಿದೆ. ಸೂಕ್ಷ್ಮ ರಂಧ್ರಗಳುಳ್ಳ ಟೈಟಾನಿಯಂ ಆಕ್ಸೈಡಿನ ತೆಳು ಪದರದಲ್ಲಿ ಬೆಳ್ಳಿಯ ಕಣಗಳನ್ನು ಬೆಳೆಸಿದರೆ, ಯಾವ ಬಣ್ಣದ ಬೆಳಕನ್ನು ಹಾಯಿಸುತ್ತೇವೆಯೋ ಆ ಬಣ್ಣವನ್ನೇ ಪದರವು ತಳೆಯುತ್ತದೆಂದು 2003ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು.

ಹಾಗಾದರೆ ಅಬ್ಬಾಸೀ ಕುಂಬಾರರು ನ್ಯಾನೋ ವಿಜ್ಞಾನಿಗಳೇ? ಅಲ್ಲ. ಅವರು ಆ ಕಣಗಳನ್ನು ಕಂಡವರಲ್ಲ. ಅತಿ ಸಣ್ಣ ಲೋಹದ ಕಣಗಳಿಗೂ ಬಣ್ಣಕ್ಕೂ ಇರುವ ಸಂಬಂಧವನ್ನು ಫ್ಯಾರಡೆ ವಿವರಿಸಿದ್ದು 1857ರಲ್ಲಿ. ಅದರ ಗಣಿತವನ್ನು ಗುಸ್ತಾವ್ ಮೀ ನೀಡಿದ್ದು 1908ರಲ್ಲಿ. ಕುಂಬಾರರು ಬಲ್ಲದ್ದು ಬೆಂಕಿಯನ್ನು. ಆ ಬಲ್ಲಿಕೆ ಅಗ್ಗವಾಗಿ ದೊರೆತುದಲ್ಲ. ಈ ಕಲೆ ಈಜಿಪ್ಟ್, ಇರಾನ್ ಮತ್ತು ಅಂದಲೂಸ್‌ಗೆ ಹರಡಿ, ಮುಂದೆ ಇಟಲಿಯನ್ನೂ ತಲಪಿತು. 16ನೇ ಶತಮಾನದ ಇಟಲಿಯ ಪಿಕ್ಕೊಲ್ಪಾಸೊ, ನೂರು ಪಾತ್ರೆ ಸುಟ್ಟರೆ ಆರು ಸರಿಯಾಗುವುದೂ ಕಷ್ಟವೆಂದು ಬರೆದಿದ್ದಾನೆ. ಏಳು ಶತಮಾನಗಳ ಅನುಭವದ ನಂತರದ ಸ್ಥಿತಿ ಇದಾದರೆ, ಮೊದಲಿಗರ ಸಹನೆಯನ್ನು ಊಹಿಸಿಕೊಳ್ಳಿ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಬಹುಪಾಲು ಕುಂಬಾರರು ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ. ಇರಾನಿನ ಕಾಶಾನಿನಲ್ಲಿ ತಲೆಮಾರುಗಳಿಂದ ಈ ಕೆಲಸ ಮಾಡುತ್ತಿದ್ದ ಅಬೂ ತಾಹಿರ್ ಮನೆತನದ ಅಬುಲ್ ಕಾಸಿಮ್ ಎಂಬ ವಿದ್ವಾಂಸರು ಹಿಜರಿ 700ರಲ್ಲಿ, ಅಂದರೆ 1301ರಲ್ಲಿ, ಮಣ್ಣು, ಮೆರುಗು ಮತ್ತು ಎರಡನೆಯ ಬೆಂಕಿಯ ವಿವರಗಳನ್ನು ಗ್ರಂಥವೊಂದರಲ್ಲಿ ದಾಖಲಿಸಿದರು. ಸ್ವತಃ ಆವಿಗೆಯ ಮುಂದೆ ದುಡಿದವರು ಅವರ ತಂದೆ, ಅಜ್ಜ, ಸಹೋದರ. ಆದರೆ ಆ ಒಂದು ಬರಹವಿಲ್ಲದಿದ್ದರೆ ಮನೆಯವರ ಬೆವರಿನ ವಿದ್ಯೆ ಮನೆಯವರೊಂದಿಗೇ ಮಣ್ಣಾಗುತ್ತಿತ್ತು.

ಆದ್ದರಿಂದ ಮಕ್ಕಳಿಗೆ ಹೇಳುವುದಾದರೆ ಇದ್ದುದನ್ನು ಇದ್ದಂತೆಯೇ ಹೇಳೋಣ. ಪೂರ್ವಜರಿಗೆ ಇಲ್ಲದ ಕೀರ್ತಿಯನ್ನು ಹೊರಿಸಿದರೆ ಅವರ ನಿಜವಾದ ಕೀರ್ತಿಯೇ ಮರೆಯಾಗುತ್ತದೆ. ಅಮಾನತ್ತಿನ ಪ್ರಶ್ನೆ ಹಣದ ವ್ಯವಹಾರಕ್ಕೆ ಮಾತ್ರ ಸೀಮಿತವಲ್ಲ, ಇತಿಹಾಸಕ್ಕೂ ಅನ್ವಯಿಸುತ್ತದೆ. ಅವರು ಬಿಟ್ಟುಹೋದದ್ದು ಬಡಾಯಿಯನ್ನಲ್ಲ. ಕೈಯ ನೈಪುಣ್ಯ, ಸೋಲಿಗೆ ಅಂಜದ ಸಹನೆ ಮತ್ತು ಬಲ್ಲದ್ದನ್ನು ಬರೆದಿಡುವ ಔದಾರ್ಯ. ಈ ಮೂರರಲ್ಲಿ ಯಾವುದನ್ನು ನಾವು ಮುಂದಿನ ಪೀಳಿಗೆಗೆ ದಾಟಿಸುತ್ತಿದ್ದೇವೆ?