ನಾಗರಕಲ್ಲಿಗೆ ಪುಂಗಿಯ ದನಿ ಬಂದದ್ದೆಲ್ಲಿಂದ?

ಗೌರಿಬಿದನೂರು ಸಮೀಪದ ವಿದುರಾಶ್ವತ್ಥಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಸಾಲುಸಾಲು ನಾಗರಕಲ್ಲುಗಳು. ಮಕ್ಕಳಾಗಲೆಂದು, ದೋಷ ಕಳೆಯಲೆಂದು ಹರಕೆ ಹೊತ್ತವರು ತಲೆಮಾರುಗಳಿಂದ ಪ್ರತಿಷ್ಠಾಪಿಸುತ್ತ ಬಂದ ಕಲ್ಲುಗಳವು. ಸಿನಿಮಾ ನೋಡಿ ಬೆಳೆದ ನಮ್ಮಂಥವರು ಆ ಹೆಡೆಗಳ ನಡುವೆ ನಿಂತರೆ ಕಿವಿಯೊಳಗೆ ತಾನಾಗಿಯೇ ಪುಂಗಿ ಮೊಳಗತೊಡಗುತ್ತದೆ. ಸುತ್ತ ಕೇಳಿಸುವುದು ಮಾತ್ರ ಗುಡಿಯ ಗಂಟೆ, ಭಕ್ತರ ಮಾತು, ಎಲೆಗಳ ಸರಸರ. ಇಲ್ಲದ ಪುಂಗಿಯನ್ನು ನಮ್ಮ ಕಿವಿಗೆ ತುಂಬಿದವರು ಯಾರು?

ಬಹುಪಾಲು ಸಿನಿಮಾದವರೇ. 1954ರಲ್ಲಿ ತೆರೆಕಂಡ ಹಿಂದಿಯ ‘ನಾಗಿನ್’ ಚಿತ್ರದ ಪುಂಗಿಯ ನಾದ ದೇಶದ ಉದ್ದಗಲಕ್ಕೂ ಹರಡಿತು. ಸಂಗೀತ ಹೇಮಂತ್ ಕುಮಾರ್ ಅವರದು. ಸ್ವಾರಸ್ಯವೆಂದರೆ ಅದು ನಿಜವಾದ ಪುಂಗಿಯೇ ಅಲ್ಲ. ಕಲ್ಯಾಣ್‌ಜಿ ಕ್ಲಾವಯೊಲಿನ್ ಎಂಬ ವಿದ್ಯುತ್ ವಾದ್ಯವನ್ನೂ ರವಿ ಹಾರ್ಮೋನಿಯಂ ಅನ್ನೂ ನುಡಿಸಿ ಹೊರಡಿಸಿದ ದನಿ ಅದು. ಹಾವಾಡಿಗನ ಸೋರೆ ಬುರುಡೆಗಿಂತ ಆ ನಕಲೇ ಜನರಿಗೆ ಹೆಚ್ಚು ಅಸಲಿಯಾಗಿ ಕೇಳಿಸಿತು! ಇತ್ತ ದಕ್ಷಿಣದಲ್ಲಿ ಪುನ್ನಾಗವರಾಳಿಗೆ ಹಾವು ತಲೆದೂಗುತ್ತದೆ ಎಂಬ ಪ್ರತೀತಿ ಮೊದಲಿನಿಂದಲೂ ಇತ್ತು.

ಹಾವಿಗೆ ಹೊರಕಿವಿಯಿಲ್ಲ. ನೆಲದ ಕಂಪನ, ತಗ್ಗಿದ ಸ್ಥಾಯಿಯ ಸದ್ದು ಅದಕ್ಕೆ ತಿಳಿಯುತ್ತವೆ; ಹೆಡೆಯಾಡಿಸುವುದು ಮುಖ್ಯವಾಗಿ ಪುಂಗಿಯ ಓಲಾಟವನ್ನು ನೋಡಿ. ಅಂದಮೇಲೆ ರಾಗ ಹಾವಿಗಲ್ಲ, ನಮಗೆ. ಪುಂಗಿಯ ಎರಡು ಕೊಳವೆಗಳಲ್ಲಿ ಒಂದು ಶ್ರುತಿ ಹಿಡಿದಿರುತ್ತದೆ, ಇನ್ನೊಂದು ಸ್ವರ ನುಡಿಸುತ್ತದೆ. ಊದುವವನು ಉಸಿರು ಕಡಿಯುವುದಿಲ್ಲ. ಎಲ್ಲಿಯೂ ನಿಲ್ಲದ ಆ ಎಳೆ ಕೇಳುವವನಿಗೂ ಉಸಿರು ಬಿಡಲು ಎಡೆಗೊಡುವುದಿಲ್ಲ. ಏನೋ ಆಗಲಿದೆ ಎಂಬ ತಳಮಳ ಹುಟ್ಟುವುದು ಅಲ್ಲೇ.

ಸಂಕಲನ ಮುಗಿದ ಮೇಲೆ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಕೂಡಿಸುವುದನ್ನು ಚಿತ್ರರಂಗದವರು ರೀ-ರೆಕಾರ್ಡಿಂಗ್ ಎನ್ನುತ್ತಾರೆ. ಹೆಂಗಸೊಬ್ಬಳು ಹಾಲಿನ ಬಟ್ಟಲು ಹಿಡಿದು ನಾಗರಕಲ್ಲಿನತ್ತ ನಡೆಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ನಾಗಸ್ವರ ಕೇಳಿಸಿದರೆ ಅವಳ ಹರಕೆ ಫಲಿಸಿತೆಂದುಕೊಳ್ಳುತ್ತೇವೆ. ಪುಂಗಿ ಕೇಳಿಸಿದರೆ ಕಲ್ಲಿನ ಹಿಂದೆ ಹಾವನ್ನು ಹುಡುಕುತ್ತೇವೆ. ಬರೀ ಕಾಲ್ಗೆಜ್ಜೆಯ ಸದ್ದಿದ್ದರೆ ಅವಳ ಮುಖವನ್ನೇ ನೋಡುತ್ತೇವೆ. ಚಿತ್ರ ಒಂದೇ, ಕಥೆ ಮೂರು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂದಾಗ ನಮ್ಮವರ ಬಳಿ ಇದ್ದದ್ದು ಕಂಪನಿ ನಾಟಕದ ಸಂಗೀತ. ಯಾವ ರಸಕ್ಕೆ ಯಾವ ಮಟ್ಟು ಎಂಬುದು ಅಲ್ಲಿ ಮೊದಲೇ ಗೊತ್ತು. ಆ ರೂಢಿ ದಶಕಗಳ ಕಾಲ ನಡೆಯಿತು. ಅದರಿಂದ ಒಳ್ಳೆಯ ಸಂಗೀತವೂ ಹುಟ್ಟಿತೆನ್ನಿ. ರೂಢಿಯ ಹೊರಗೆ ನಿಂತವರಲ್ಲಿ ಬಿ.ವಿ. ಕಾರಂತರು ಮುಖ್ಯರು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಅವರು ನಿರ್ದೇಶಿಸಿದ ‘ಚೋಮನ ದುಡಿ’ (1975)ಯ ಸಂಗೀತವೂ ಅವರದೇ. ದುಡಿ ಅಲ್ಲಿ ಹಿನ್ನೆಲೆಯ ವಾದ್ಯವಲ್ಲ, ಚೋಮನ ಕೈಯಲ್ಲೇ ಇರುವ ವಾದ್ಯ. ಸ್ವಂತಕ್ಕೆ ತುಂಡು ಭೂಮಿ ಸಿಗದ ಸಿಟ್ಟನ್ನೂ ಸಂಕಟವನ್ನೂ ಅವನು ಅದರ ಮೇಲೆ ಬಡಿಯುತ್ತಾನೆ. ಈಗ ಅಳಿ, ಈಗ ಹೆದರಿ ಎಂದು ಹೊರಗಿನಿಂದ ಯಾರೂ ನಮಗೆ ಸನ್ನೆ ಮಾಡುವುದಿಲ್ಲ. ದುಡಿ ನಿಂತಾಗ ಚೋಮನೂ ಇಲ್ಲ. ಆ ಮೌನಕ್ಕಿಂತ ದೊಡ್ಡ ವಾದ್ಯವೃಂದ ನನಗೆ ಕನ್ನಡದಲ್ಲಿ ಇನ್ನೂ ಸಿಕ್ಕಿಲ್ಲ.

ಇದನ್ನೆಲ್ಲ ವಿದುರಾಶ್ವತ್ಥದಲ್ಲಿ ನಿಂತು ಯೋಚಿಸಲು ಇನ್ನೊಂದು ಕಾರಣವಿದೆ. 1938ರ ಏಪ್ರಿಲ್ 25ರಂದು, ಶಿವಪುರದ ಧ್ವಜ ಸತ್ಯಾಗ್ರಹವಾಗಿ ಎರಡು ವಾರ ಕಳೆಯುವಷ್ಟರಲ್ಲಿ, ಇಲ್ಲಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದಿತು ಸರ್ಕಾರ. ಜನ ಹೇಳುವ ಲೆಕ್ಕ ಮೂವತ್ತನ್ನೂ ಮೀರುತ್ತದೆ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಈ ಊರಿಗೆ ಬಂದದ್ದು ಹಾಗೆ.

ಈ ದೃಶ್ಯವನ್ನು ತೆರೆಗೆ ತರುವವರು ಅದಕ್ಕೆ ಯಾವ ಸದ್ದು ಕೊಡಬೇಕು? ನಗಾರಿ ಬಾರಿಸಿದರೆ ಅದು ವೀರಗಾಥೆಯಾದೀತು. ಪಿಟೀಲು ಅಳತೊಡಗಿದರೆ ನೋಡುವವರು ಕಣ್ಣೊರೆಸಿಕೊಂಡು ಹಗುರಾಗಿ ಎದ್ದು ಹೋದಾರು. ಆದರೆ ಆ ಜನ ಧ್ವಜ ಹಿಡಿದು ಬಂದ ರೈತರು, ಊರವರು. ಗುಂಡು ಬೀಳುತ್ತದೆಂದು ಅವರಿಗೆ ಮೊದಲೇ ಗೊತ್ತಿರಲಿಲ್ಲ, ಸಂಗೀತಕ್ಕೂ ಗೊತ್ತಿರಬಾರದು. ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ (1982) ಚಿತ್ರಕ್ಕೆ ರವಿಶಂಕರರಂಥವರ ಸಂಗೀತವಿದೆ. ಆದರೂ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರುವಾಗ ವಾದ್ಯಗಳು ಬಾಯಿ ಬಿಡುವುದಿಲ್ಲ. ಬಂದೂಕಿನ ಸದ್ದು, ಜನರ ಚೀರಾಟ, ಅಷ್ಟೇ.

ವಿದುರಾಶ್ವತ್ಥದ ಚಿತ್ರಕ್ಕೆ ನಾನಾದರೆ ಅರಳಿ ಎಲೆಗಳ ಸದ್ದನ್ನಷ್ಟೇ ಕೇಳುತ್ತೇನೆ. ಉದ್ದ ತೊಟ್ಟಿನ ಆ ಎಲೆ ಗಾಳಿಯೇ ಇಲ್ಲವೆನಿಸುವಾಗಲೂ ಅಲುಗುತ್ತದೆ. ವಿದುರ ನೆಟ್ಟದ್ದೆಂದು ಜನ ನಂಬಿದ, ಊರಿಗೆ ಹೆಸರು ಕೊಟ್ಟ ಆ ಹಳೆಯ ಅಶ್ವತ್ಥ ಗೋಲಿಬಾರ್ ನಡೆದ ದಿನವೂ ಅಲ್ಲೇ ನಿಂತಿತ್ತು. 2001ರಲ್ಲಿ ಅದು ಉರುಳಿತು. ಧ್ವನಿಗ್ರಾಹಕರು ಆ ಸರಸರವನ್ನು ಈಗ ಬೇರೊಂದು ಮರದಿಂದಲೇ ತರಬೇಕು.